ಕಡಲ ಕೌಂಟಿಯ ಭೂಗೋಳದ ಟೀಚರ್

ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಒಂದು ಶನಿವಾರ ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಪಾರ್ಕಿಂಗ್ ಲಾಟಿಗೆ ಬಂದರೆ ಯಾರೋ ಕಾರಿನ ಟ್ರಂಕ್ ತೆರೆದಿಟ್ಟುಕೊಂಡು ದೊಡ್ಡ ಸ್ಟೀಲ್ ಡಬ್ಬಿಯಿಂದ ಬೇಯಿಸಿದ ಕಡಲೆಕಾಯಿ ಹಂಚುತ್ತಿದ್ದರು. ಮುಚ್ಚಳ ತೆಗೆದಾಗ ಬಂದ ಆ ವಾಸನೆ... ಉಪ್ಪುನೀರಲ್ಲಿ ನೆನೆದ ಸಿಪ್ಪೆಯದು, ಒದ್ದೆ ಮಣ್ಣಿನದು. ಸುತ್ತ ನಿಂತವರೆಲ್ಲ ಗಾಂಧಿಬಜಾರು, ದೇವರಾಜ ಮಾರ್ಕೆಟ್ಟು ಎಂದು ತಮ್ಮ ತಮ್ಮ ಬೀದಿಗಳನ್ನು ನೆನೆಸಿಕೊಂಡರು. ನಾನೂ ಮೈಸೂರಿನವಳೇ. ಆದರೆ ನನಗೆ ನೆನಪಾದದ್ದು ದಕ್ಷಿಣ ಕೆರೊಲಿನಾದ ಒಂದು ಮನೆಯ ಜಗಲಿ, ಮತ್ತು ಆ ಜಗಲಿಯ ಮೇಲೆ ಗ್ಯಾಸ್ ಒಲೆಯಿಟ್ಟು ಉದ್ದನೆಯ ಸೌಟಿನಿಂದ ಕಡಲೆಕಾಯಿ ತಿರುವುತ್ತಿದ್ದ ನಮ್ಮ ಎದುರುಮನೆಯ ಟೀಚರ್.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನನ್ನ ಗಂಡ ಸಿವಿಲ್ ಎಂಜಿನಿಯರ್. ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದುಹೋಗಬೇಕು ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದು ಅವರ ಕೆಲಸ. ನಮ್ಮ ಜಿಲ್ಲೆಯಂಥ ಆ ಸಮುದ್ರದಂಚಿನ ಕೌಂಟಿಯಲ್ಲಿ ಎಲ್ಲಿ ನೋಡಿದರೂ ಹೋಟೆಲು, ಗಾಲ್ಫ್ ಮೈದಾನ, ವಿಲ್ಲಾಗಳು ಏಳುತ್ತಿದ್ದ ಕಾಲವಾದ್ದರಿಂದ ಒಂದು ಸಣ್ಣ ಕಂಪನಿ ಇವರನ್ನು ವೀಸಾ ಕೊಟ್ಟು ಕರೆಸಿಕೊಂಡಿತ್ತು. ನನ್ನ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ಊರಿನಿಂದ ಸೇತುವೆ ದಾಟಿ ಹೋದರೆ ಒಂದು ದ್ವೀಪ, ಅಲ್ಲಿ ಬಾಡಿಗೆ ಕಡಿಮೆ. ಮನೆಯ ಹಿಂದೆ ಜೌಗು, ಮುಂದೆ ಡಾಂಬರು ಕಿತ್ತ ರಸ್ತೆ, ರಸ್ತೆಯ ಆಚೆ ಟೀಚರ್ ಮನೆ. ಇವರು ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ನನಗೆ ಮಾತಾಡಲು ಒಬ್ಬರೂ ಇರಲಿಲ್ಲ. ಸಮುದ್ರದ ಇಳಿತದ ಹೊತ್ತಿಗೆ ಜೌಗಿನ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಕಿಟಕಿ ಮುಚ್ಚಿಕೊಂಡು ಅಳುತ್ತಿದ್ದೆ.

ಹಾಗೊಂದು ಮಧ್ಯಾಹ್ನ ಆ ಕೆಸರಿನ ನಾತದ ನಡುವೆ ಕಡಲೆಕಾಯಿ ಬೇಯುವ ವಾಸನೆ ಬಂತು. ಭ್ರಮೆ ಎಂದುಕೊಂಡು ಬಾಗಿಲು ತೆರೆದೆ. ಎದುರುಮನೆಯ ಜಗಲಿಯಲ್ಲಿ ಎತ್ತರದ, ಕಪ್ಪುವರ್ಣದ, ನರೆತ ಕೂದಲನ್ನು ಗಟ್ಟಿಯಾಗಿ ಹಿಂದಕ್ಕೆ ಬಾಚಿ ಕಟ್ಟಿದ್ದ ಹೆಂಗಸು ನಿಂತಿದ್ದರು. ನಾನು ರಸ್ತೆ ದಾಟಿ ಹೋಗಿ, ನಮ್ಮೂರಲ್ಲೂ ಇದನ್ನು ಹೀಗೇ ಬೇಯಿಸುತ್ತಾರೆ ಎಂದೆ. ಅವರು ನಂಬಲಿಲ್ಲ. ಅಮೆರಿಕದ ಉತ್ತರದವರಿಗೇ ಇದು ಗೊತ್ತಿಲ್ಲ, ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಒಂದು ಕಾಯಿ ತೆಗೆದುಕೊಂಡು, ಹಲ್ಲಿನಲ್ಲಿ ಒಡೆದು, ಒಳಗಿನ ಉಪ್ಪುನೀರನ್ನು ಹೀರಿ, ಬೀಜ ತಿಂದು ತೋರಿಸಿದೆ. ಅವರು ಸೌಟು ಕೆಳಗಿಟ್ಟು ಕುರ್ಚಿ ಎಳೆದರು.

ಅವರು ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳ ಮತ್ತು ಇತಿಹಾಸ ಪಾಠ ಮಾಡಿದವರು. ಮೊದಲು ಕರಿಯರ ಮಕ್ಕಳಿಗೆಂದೇ ಇದ್ದ ಶಾಲೆಯಲ್ಲಿ, ಆಮೇಲೆ ಶಾಲೆಗಳನ್ನು ಒಂದುಮಾಡಿದಾಗ ಎಲ್ಲ ಮಕ್ಕಳೂ ಕೂತ ಶಾಲೆಯಲ್ಲಿ. ದ್ವೀಪದಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಿವೃತ್ತಿಯಾದ ಮೇಲೂ ಪಾಠ ಹೇಳುವ ಚಪಲ ಹೋಗಿರಲಿಲ್ಲ. ನನಗೆ ಡ್ರೈವಿಂಗ್ ಕಲಿಸುತ್ತೇನೆಂದು ತಮ್ಮ ಹಳೆಯ ಉದ್ದನೆಯ ಕಾರಿನಲ್ಲಿ ಕೂರಿಸಿಕೊಂಡು ಇಡೀ ಕೌಂಟಿ ಸುತ್ತಿಸಿದರು. ಸ್ಟೀರಿಂಗ್ ಹಿಡಿದಿದ್ದ ನನಗೆ ಎದುರಿನ ಲಾರಿಯ ಚಿಂತೆ, ಅವರಿಗೆ ಎಡಬಲದ ನೆಲದ ಚಿಂತೆ. ಅಗೋ ಅಲ್ಲಿ ನೋಡು ಎನ್ನುತ್ತಿದ್ದರು. ಜೌಗಿನ ಹುಲ್ಲಿನ ನಡುವೆ ನೆಟ್ಟಗೆ ಗೆರೆ ಎಳೆದಂತೆ ಕಾಣುತ್ತಿದ್ದದ್ದು ಹಳೆಯ ಗದ್ದೆಗಳ ಬದು. ಆಫ್ರಿಕಾದ ಭತ್ತದ ನಾಡಿನಿಂದ ಹಿಡಿದು ತಂದ ಗುಲಾಮರ ಕೈಯಲ್ಲಿ ಜೌಗನ್ನು ಗದ್ದೆ ಮಾಡಿಸಿ, ಬಿಳಿಯ ಧಣಿಗಳು ಅಕ್ಕಿ ಮಾರಿ ಶ್ರೀಮಂತರಾದರು. ನನ್ನ ತಾಯಿಯ ತವರು ಮಂಡ್ಯದ ಕಡೆ. ಗದ್ದೆಯ ಬದು ನನಗೆ ಹೊಸದಲ್ಲ. ಆದರೆ ಕೆಸರಲ್ಲಿ ನಿಂತು ಸತ್ತವರನ್ನು ಅದೇ ಬದುವಿನಲ್ಲಿ ಹೂಳಿದ್ದೂ ಉಂಟು ಎಂದು ಅವರು ಹೇಳಿದ ದಿನ ಮನೆಗೆ ಬಂದು ಅನ್ನಕ್ಕಿಡಲು ಮನಸ್ಸಾಗಲಿಲ್ಲ.

ಭತ್ತದ ನಂತರ ಗೊಬ್ಬರಕ್ಕಾಗಿ ನದಿಯ ತಳ ಅಗೆದು ತೆಗೆದ ರಂಜಕದ ಕಲ್ಲು. ಅದೂ ಮುಗಿದ ಮೇಲೆ ನೌಕಾಪಡೆಯ ಹಡಗುಕಟ್ಟೆ. ಟೀಚರ್ ಅವರ ಗಂಡ ಆ ಕಟ್ಟೆಯಲ್ಲಿ ಹಡಗಿನ ಕೊಳವೆಗಳಿಗೆ ಬಿಸಿ ತಡೆಯುವ ಆಸ್ಬೆಸ್ಟಾಸ್ ನಾರು ಸುತ್ತುವ ಕೆಲಸದಲ್ಲಿದ್ದರು. ಆ ನಾರಿನ ಧೂಳು ಪುಪ್ಪುಸಕ್ಕೆ ಇಳಿದು, ನಿವೃತ್ತಿಯ ಮೊದಲೇ ಉಸಿರು ಸಿಕ್ಕದೆ ತೀರಿಕೊಂಡಿದ್ದರು. ನಾವು ಹೋದ ಹೊತ್ತಿಗೆ ಆ ಕಟ್ಟೆಯನ್ನೂ ಮುಚ್ಚುವ ಮಾತು ನಡೆದಿತ್ತು. ಸಾವಿರಾರು ಮನೆಗಳ ಒಲೆ ಅದರಿಂದಲೇ ಉರಿಯುತ್ತಿತ್ತು. ಟೀಚರ್ ಪ್ರತಿ ವರ್ಷ ಮೊದಲ ದಿನ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಈ ಕೌಂಟಿ ಏನನ್ನು ಮಾರಿ ಬದುಕುತ್ತದೆ? ಮಕ್ಕಳು ಸಿಗಡಿ, ಮರ, ಹಡಗು ಎಂದು ಹೇಳುತ್ತಿದ್ದರಂತೆ. ಈಗ ಕೇಳಿದ್ದರೆ ಏನು ಹೇಳುತ್ತಿದ್ದರು ಎಂದೆ. ಸೇತುವೆಯ ಮೇಲಿದ್ದೆವು. ಕೆಳಗೆ ಇಳಿಬಿಸಿಲಿನಲ್ಲಿ ಜೌಗು ಹೊಂಬಣ್ಣಕ್ಕೆ ತಿರುಗಿತ್ತು. "ಈಗ ಮಾರಾಟಕ್ಕಿರೋದು ಇದು, ಈ ನೋಟ," ಎಂದರು. "ಇದನ್ನು ಕೊಳ್ಳೋರಿಗೆ ನಾವು ಅಡ್ಡ ನಿಂತಿದ್ದೀವಿ."

ಅವರ ಮನೆಯಿದ್ದ ಜಮೀನು ರಸ್ತೆಯಿಂದ ಹಿಡಿದು ಹಿನ್ನೀರಿನ ತೊರೆಯವರೆಗೆ ಇತ್ತು. ಗುಲಾಮಗಿರಿ ಹೋದ ಮೇಲೆ ಅವರ ಮುತ್ತಜ್ಜ ಕೂಲಿ ಮಾಡಿ ಕೊಂಡದ್ದು. ಆತ ಉಯಿಲು ಬರೆದಿರಲಿಲ್ಲ. ಕೋರ್ಟಿಗೆ ಹೋದರೆ ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಅವನ ಮಕ್ಕಳೂ ಬರೆಯಲಿಲ್ಲ. ಹಾಗಾಗಿ ಆ ನೆಲ ಅವನ ಸಂತಾನಕ್ಕೆಲ್ಲ ಒಟ್ಟಿಗೆ ಸೇರಿದ್ದು. ನಮ್ಮಲ್ಲಿ ಪಾಲಾಗದ ಕೂಡುಕುಟುಂಬದ ಆಸ್ತಿ ಇದ್ದ ಹಾಗೆ. ಅಲ್ಲಿ ವಾಸವಿದ್ದವರು ಟೀಚರ್ ಮತ್ತು ಸಿಗಡಿ ಹಿಡಿಯುವ ದೋಣಿಯಿದ್ದ ಅವರ ತಮ್ಮ, ಇಬ್ಬರೇ. ಉಳಿದವರು ನ್ಯೂಯಾರ್ಕ್, ಅಟ್ಲಾಂಟಾ ಎಂದು ಎಂದೋ ಚದುರಿಹೋಗಿದ್ದರು.

ತೊರೆಯ ಪಕ್ಕ ತುಸು ತಗ್ಗಿನಲ್ಲಿ ದೊಡ್ಡ ಓಕ್ ಮರ. ಕೊಂಬೆಗಳಿಂದ ಬೂದುಬಣ್ಣದ ಪಾಚಿ ಜಟೆಯಂತೆ ಇಳಿಬಿದ್ದಿರುತ್ತಿತ್ತು. ಅದರ ಕೆಳಗೆ ಅವರ ಮನೆತನದ ಸಮಾಧಿಗಳು. ಕೆಲವಕ್ಕೆ ಕಲ್ಲು, ಕೆಲವಕ್ಕೆ ಬರೀ ಶಂಖ ಚಿಪ್ಪುಗಳು. ಅಲ್ಲಿ ಅವರ ಗಂಡ ಇದ್ದರು. ಪಕ್ಕದಲ್ಲಿ ಒಬ್ಬನೇ ಮಗ. ವಿಯೆಟ್ನಾಂಗೆ ಹೋದವನು ಪೆಟ್ಟಿಗೆಯಲ್ಲಿ ಮರಳಿದ್ದ. ಭಾನುವಾರ ಚರ್ಚಿನಿಂದ ಬಂದವರು ಬಟ್ಟೆ ಕೂಡ ಬದಲಿಸದೆ ಅಲ್ಲಿಗೆ ಹೋಗಿ ಉದುರಿದ ಎಲೆ ಗುಡಿಸುತ್ತಿದ್ದರು. ಮಗನ ಎಡಕ್ಕೆ ಒಂದಾಳಿನಷ್ಟು ಜಾಗ ಖಾಲಿ ಬಿಟ್ಟಿತ್ತು. ಅದು ಯಾರಿಗೆ ಎಂದು ನಾನು ಕೇಳಲಿಲ್ಲ...

ನನಗೆ ಹೆರಿಗೆನೋವು ಶುರುವಾದದ್ದು ದಿನ ತುಂಬುವ ಮೊದಲೇ. ನನ್ನ ಗಂಡ ದೂರದ ಸೈಟಿನಲ್ಲಿದ್ದರು. ಆಗ ಕೈಯಲ್ಲಿ ಫೋನ್ ಹಿಡಿದು ಓಡಾಡುವ ಕಾಲವಲ್ಲ. ಟೀಚರ್ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟರು. ಹಡಗು ದಾಟಲೆಂದು ಸೇತುವೆಯನ್ನು ಮೇಲೆತ್ತಿದ್ದರು. ಕಾರುಗಳ ಸಾಲು ನಿಂತಿತ್ತು. ಅವರು ಕಾರಿನಿಂದಿಳಿದು ಸೇತುವೆಯ ಕಾವಲಿನವನ ಹತ್ತಿರ ಹೋದರು. ಅವನು ಅವರ ಹಳೆಯ ವಿದ್ಯಾರ್ಥಿ. ಏನು ಹೇಳಿದರೋ, ಸೇತುವೆ ಇಳಿಯಿತು, ನಮ್ಮ ಕಾರು ಸಾಲು ಬಿಟ್ಟು ಮುಂದೆ ಹೋಯಿತು. ಮಗಳು ಹುಟ್ಟಿದಾಗ ಅವಳನ್ನು ಮೊದಲು ಎತ್ತಿಕೊಂಡವರು ಅವರು. ಬಾಣಂತನಕ್ಕೆ ಅಮ್ಮನಿಗೆ ವೀಸಾ ಸಿಗಲಿಲ್ಲ. ನಾನು ಫೋನಿನಲ್ಲಿ ಅಮ್ಮನಿಂದ ಕೇಳಿಕೊಂಡು ಹೇಳಿದ ಹಾಗೆಲ್ಲ ಟೀಚರ್ ಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡಿಕೊಟ್ಟರು. ಉಪ್ಪು ಮಾತ್ರ ಯಾವಾಗಲೂ ಹೆಚ್ಚು.

ಮಗಳು ಅಂಬೆಗಾಲಿಡುವ ಹೊತ್ತಿಗೆ ಕೋರ್ಟಿನ ನೋಟಿಸು ಬಂತು. ಅಟ್ಲಾಂಟಾದಲ್ಲಿದ್ದ ದೂರದ ಸೋದರಸಂಬಂಧಿಯೊಬ್ಬನ ಮಗ ತನ್ನ ಪಾಲನ್ನು ರೆಸಾರ್ಟು ಕಟ್ಟುವ ಕಂಪನಿಗೆ ಮಾರಿಬಿಟ್ಟಿದ್ದ. ಆತ ಆ ನೆಲವನ್ನು ಕಣ್ಣಿಂದ ಕಂಡವನೂ ಅಲ್ಲ. ಕಂಪನಿ ಈಗ ಪಾಲುದಾರ. ಪಾಲುದಾರರಲ್ಲಿ ಒಬ್ಬರು ಕೇಳಿದರೂ ಸಾಕು, ಹಂಚಲಾಗದ ಆಸ್ತಿಯನ್ನು ಪೂರ್ತಿ ಹರಾಜು ಹಾಕಿ ಹಣ ಹಂಚಬಹುದು ಎಂದಿತ್ತು ಕಾನೂನು. ಟೀಚರ್ ವಕೀಲರನ್ನು ಹಿಡಿದರು. ಚದುರಿದ ನೆಂಟರಿಗೆಲ್ಲ ಫೋನ್ ಮಾಡಿದರು. ಕೆಲವರು ಅತ್ತರು, ಕೆಲವರು ನಮಗೂ ಏನಾದರೂ ಬರುತ್ತದೆಯಲ್ಲ ಎಂದರು. ಕೋರ್ಟಿನ ಮೆಟ್ಟಿಲ ಮೇಲೆ ಒಂದು ಬೆಳಿಗ್ಗೆ ಹರಾಜು ಮುಗಿದೇ ಹೋಯಿತು. ಕೂಗುವವನ ಮುಂದೆ ಕಂಪನಿಯವರನ್ನು ಬಿಟ್ಟರೆ ನಿಂತಿದ್ದವರು ಟೀಚರ್, ಅವರ ತಮ್ಮ, ಕಂಕುಳಲ್ಲಿ ಮಗುವಿದ್ದ ನಾನು. ತಮ್ಮ ತನ್ನ ದೋಣಿ ಮಾರಿ ತಂದದ್ದನ್ನು ಕೂಗಿದ. ಕಂಪನಿಯವರು ಒಂದೇ ಮಾತಿನಲ್ಲಿ ಅದನ್ನು ದಾಟಿಹೋದರು. ನೆಲ ಹೋಯಿತು, ದೋಣಿಯೂ ಹೋಗಿತ್ತು.

ಮರಳುವಾಗ ಕಾರು ನಾನೇ ಓಡಿಸಿದೆ. ಅವರು ದಾರಿಯುದ್ದಕ್ಕೂ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಮನೆ ಖಾಲಿ ಮಾಡಲು ಕೆಲವು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲೇ ಆ ರೆಸಾರ್ಟಿನ ನೀರುಕಾಲುವೆಗಳ ಕೆಲಸ ನನ್ನ ಗಂಡನ ಕಂಪನಿಗೆ ಬಂತು, ನಕ್ಷೆ ಬರೆಯುವ ಹೊಣೆ ಇವರ ಮೇಲೆ ಬಿತ್ತು. ಅವತ್ತು ಇವರು ಮನೆಗೆ ಬಂದು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತರು. ನಾನು ಬೇರೆಯವರಿಗೆ ಕೊಡಲು ಹೇಳಿ ಎಂದೆ.

"ಹೇಗ್ ಹೇಳ್ಲಿ? ಗ್ರೀನ್ ಕಾರ್ಡ್ ಫೈಲ್ ಮಾಡಿರೋದೇ ಅವರು. ಇವತ್ತು ಬೇಡ ಅಂದ್ರೆ ನಾಳೆ ಪ್ಯಾಕ್ ಮಾಡ್ಬೇಕಾಗುತ್ತೆ," ಎಂದರು.

ಕೆಲಸ ಶುರುಮಾಡಿದರು. ಒಂದು ವಾರದಲ್ಲಿ ಇವರ ಮುಖವೇ ಬದಲಾಯಿತು. ಗಾಲ್ಫ್ ಮೈದಾನದ ಮಳೆನೀರೆಲ್ಲ ಒಂದು ಕೊಳಕ್ಕೆ ಬಂದು, ಅದು ತುಂಬಿದಾಗ ಹೊರಬಿದ್ದ ನೀರು ತೊರೆಗೆ ಹೋಗಬೇಕು. ಹತ್ತಿರದ ದಾರಿಯೆಂದರೆ ಓಕ್ ಮರದ ತಗ್ಗು. ಕಡಲು ಉಕ್ಕಿ ತೊರೆಯಲ್ಲಿ ದೊಡ್ಡ ಭರತ ಇದ್ದು, ಅದೇ ಹೊತ್ತಿಗೆ ಜೋರು ಮಳೆ ಬಂದರೆ ಆ ನೀರು ತೊರೆಗೆ ಇಳಿಯುವುದಿಲ್ಲ. ಹಿಂದಕ್ಕೆ ಬಂದು ಸಮಾಧಿಗಳ ಮೇಲೆ ನಿಲ್ಲುತ್ತದೆ. ಇವರು ಕಾಲುವೆಯನ್ನು ಸುತ್ತಿಸಿ ಬೇರೆ ದಾರಿ ಬರೆದರು. ಅದಕ್ಕೆ ಕೆಲವು ವಿಲ್ಲಾಗಳ ಜಾಗ ಬಿಡಬೇಕಿತ್ತು. ಬಾಸ್ ಆ ಹಾಳೆಯನ್ನು ಮಡಿಸಿ ವಾಪಸ್ಸು ಕೊಟ್ಟು, ಮೊದಲಿನದನ್ನೇ ಮುಗಿಸು ಎಂದರಂತೆ.

ಆ ಯುಗಾದಿಗೆ ಷಾರ್ಲೆಟ್‌ನಲ್ಲಿ ಕನ್ನಡದವರು ಸೇರಿದ್ದೆವು. ಒಬ್ಬರ ಮನೆಯ ಬೇಸ್ಮೆಂಟಿನಲ್ಲಿ ಊಟ. ಇವರು ತಮಗಿಂತ ಹಿರಿಯರಾದ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಒಬ್ಬ ಅಂಕಲ್ ಹತ್ತಿರ ವಿಷಯ ಬಿಚ್ಚಿದರು. ಅವರು ಒಬ್ಬಟ್ಟು ಮುರಿಯುತ್ತಾ ನಿಧಾನವಾಗಿ ಹೇಳಿದರು: "ನೋಡಪ್ಪ, ಇದು ಅವರವರ ನೂರಾರು ವರ್ಷದ ಜಗಳ. ನಮ್ಮದು ವೀಸಾ ಮೇಲಿರೋ ಜೀವನ. ಮೊದ್ಲು ಕಾರ್ಡ್ ಕೈಗೆ ಬರ್ಲಿ. ಆಮೇಲೆ ಬೇಕಾದ್ರೆ ವಾಲಂಟಿಯರ್ ಮಾಡು." ಅವರು ಕೆಟ್ಟವರಲ್ಲ. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ ನಮಗೆ ಹಾಸಿಗೆ, ಪಾತ್ರೆ ಕೊಟ್ಟವರು. ಹಿಂತಿರುಗುವ ದಾರಿಯಲ್ಲಿ ನನ್ನ ಗಂಡ, ಅಂಕಲ್ ಹೇಳಿದ್ದು ಸರಿ ಎಂದರು. ನನಗೂ ಸರಿ ಅನ್ನಿಸಿತ್ತು, ಮಗು ತೊಡೆಯ ಮೇಲೆ ಮಲಗಿತ್ತು.

ಕೌಂಟಿಯವರು ಕಾಲುವೆಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕರ ಮಾತು ಕೇಳುವ ಸಭೆ ಕರೆದರು. ಟೀಚರ್ ಚರ್ಚಿಗೆ ಹಾಕುವ ನೀಲಿ ಉಡುಪು, ಹ್ಯಾಟು ಹಾಕಿಕೊಂಡು ಹೊರಟರು. ಅವರ ತಮ್ಮ ಬರಲಿಲ್ಲ. ಹರಾಜಿನ ನಂತರ ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಾನೇ ಜೊತೆಗೆ ಹೋದೆ. ಸಭಾಂಗಣದಲ್ಲಿ ಮುಂದೆ ಎತ್ತರದ ಮೇಜಿನ ಹಿಂದೆ ಕೌಂಟಿಯ ಸದಸ್ಯರು, ಪಕ್ಕದ ಮೇಜಿನಲ್ಲಿ ರೆಸಾರ್ಟಿನ ವಕೀಲರು, ನನ್ನ ಗಂಡನ ಬಾಸ್, ಅವರ ಪಕ್ಕ ಟೈ ಕಟ್ಟಿಕೊಂಡು ನನ್ನ ಗಂಡ. ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು.

ಟೀಚರ್ ಹೆಸರು ಕೂಗಿದಾಗ ಅವರು ಮೈಕಿನ ಮುಂದೆ ಹೋಗಿ ನಿಂತರು. ತರಗತಿಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಹೇಳಿದರು: "ಜಮೀನಿನ ಮಾತು ಆಡೋಕೆ ನಾನು ಬಂದಿಲ್ಲ. ಅದು ಹೋಯಿತು. ನನ್ನ ಮಗ ಅಲ್ಲಿದ್ದಾನೆ, ಗಂಡ ಅಲ್ಲಿದ್ದಾರೆ. ಹುಣ್ಣಿಮೆಯ ಭರತದ ದಿನ ಮಳೆ ಬಂದರೆ ನಿಮ್ಮ ಕೊಳದ ನೀರು ಎಲ್ಲಿಗೆ ಹೋಗುತ್ತೆ? ಇಷ್ಟೇ ನನ್ನ ಪ್ರಶ್ನೆ."

ಬಾಸ್ ಎದ್ದು, ಎಲ್ಲ ಲೆಕ್ಕವೂ ಆಗಿದೆ, ಆತಂಕಕ್ಕೆ ಕಾರಣವಿಲ್ಲ ಎಂದು ವಿನಯದಿಂದ ಹೇಳಿ ಕೂತರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸದಸ್ಯರಲ್ಲಿ ಒಬ್ಬ ವಯಸ್ಸಾದ ಬಿಳಿಯ ರೈತ ಕನ್ನಡಕ ಸರಿಮಾಡಿಕೊಂಡು, ಲೆಕ್ಕ ಹಾಕಿದವರು ಯಾರು ಎಂದು ಕೇಳಿದ. ಬಾಸ್ ನನ್ನ ಗಂಡನ ಕಡೆ ಕೈ ತೋರಿಸಿದರು. ಹಾಗಾದರೆ ನೀವೇ ಹೇಳಿ ಎಂದ ಆತ.

ನನ್ನ ಗಂಡ ಎದ್ದು ನಿಂತರು. ಮೇಜಿನ ಮೇಲೆ ಬೆರಳೂರಿದ್ದರು, ಬೆರಳ ತುದಿ ಬೆಳ್ಳಗಾಗಿದ್ದು ನನಗೆ ಕಾಣುತ್ತಿತ್ತು. ಸಣ್ಣ ದನಿಯಲ್ಲಿ, ಆದರೆ ತಡವರಿಸದೆ ಹೇಳಿದರು: "ಎರಡೂ ಒಟ್ಟಿಗೆ ಬಂದರೆ ನೀರು ಹಿಂದಕ್ಕೆ ಬರುತ್ತೆ. ಸಮಾಧಿಗಳ ಮೇಲೆ ನಿಲ್ಲುತ್ತೆ. ಬೇರೆ ದಾರಿ ಇದೆ, ನಾನು ಬರೆದಿದ್ದೇನೆ."

ಬಾಸ್ ಮುಂದಿದ್ದ ಲೋಟದ ನೀರು ಕುಡಿದರು. ಸದಸ್ಯರು ತಮ್ಮತಮ್ಮಲ್ಲೇ ಪಿಸುಗುಟ್ಟಿ ಮೊದಲಿನ ನಕ್ಷೆಗೇ ಅನುಮತಿ ಕೊಟ್ಟೇ ಬಿಟ್ಟರು, ಕೆಲವು ಷರತ್ತುಗಳ ಮೇಲೆ: ಸಮಾಧಿಗಳ ಸುತ್ತ ನೀರು ನುಗ್ಗದಂತೆ ಮಣ್ಣಿನ ಒಡ್ಡು ಹಾಕಬೇಕು. ಇದ್ದ ಸಮಾಧಿಗಳನ್ನು ನೋಡಲು ಹಗಲು ಹೊತ್ತು ಬಿಡಬೇಕು. ಹೊಸದಾಗಿ ಯಾರನ್ನೂ ಅಲ್ಲಿ ಹೂಳುವಂತಿಲ್ಲ. ಆ ಕೊನೆಯ ಮಾತು ಓದಿದಾಗ ಟೀಚರ್ ನನ್ನ ಕೈ ಹಿಡಿದುಕೊಂಡರು. ಬಿಗಿಯಾಗಿ, ನೋವಾಗುವಷ್ಟು...

ಹೊರಗೆ ಬಂದ ಮೇಲೆ ಅವರು ನನ್ನ ಗಂಡನಿಗೆ ಕೃತಜ್ಞತೆ ಹೇಳುತ್ತಾರೆಂದುಕೊಂಡಿದ್ದೆ. ಅವರು ಸಿಟ್ಟಾಗಿದ್ದರು. "ನಾನು ಅವರನ್ನು ಕೇಳಿದ್ದು, ನಿನ್ನನ್ನಲ್ಲ. ನಿನಗೆ ಮಗು ಇದೆ. ಈ ರಸ್ತೆಯಲ್ಲಿ ಇನ್ನೊಂದು ಮನೆ ಖಾಲಿಯಾಗೋದು ನನಗೆ ಬೇಕಿರಲಿಲ್ಲ," ಎಂದು ಇವರನ್ನು ಬೈದರು. ಬೈದು ಮುಗಿದ ಮೇಲೆ ಇವರ ಟೈ ಸರಿಮಾಡಿ ಎದೆಯ ಮೇಲೆ ಅಂಗೈಯಿಟ್ಟರು.

ಮರುವಾರವೇ ಇವರ ಕೆಲಸ ಹೋಯಿತು. ಅದರ ಜೊತೆ ಗ್ರೀನ್ ಕಾರ್ಡಿನ ಅರ್ಜಿಯೂ. ಮೇರಿಲ್ಯಾಂಡಿನಲ್ಲಿದ್ದ ಇವರ ಕಾಲೇಜಿನ ಗೆಳೆಯನೊಬ್ಬ ಓಡಾಡಿ ತನ್ನ ಕಂಪನಿಯಲ್ಲಿ ಕೆಲಸ ಕೊಡಿಸಿದ್ದರಿಂದ ನಾವು ದೇಶ ಬಿಡುವುದು ತಪ್ಪಿತು. ಅಲ್ಲಿನ ಕೊಲಂಬಿಯಾ ಎಂಬ ಊರಲ್ಲಿ ಅಪಾರ್ಟ್‌ಮೆಂಟ್ ಹಿಡಿದು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆವು. ನಾವು ಹೊರಟ ದಿನ ಟೀಚರ್ ಮನೆಯ ಸಾಮಾನೂ ಜಗಲಿಯ ಮೇಲಿತ್ತು. ಹೆದ್ದಾರಿಯ ಪಕ್ಕದ ಅಪಾರ್ಟ್‌ಮೆಂಟ್ ಒಂದರ ಎರಡನೆಯ ಮಹಡಿ ಹಿಡಿದಿದ್ದರು. ಮಗಳು ಅವರ ಕುತ್ತಿಗೆ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.

ಆಮೇಲೆ ಭಾನುವಾರಗಳಂದು ಫೋನು. ಸಮಾಧಿಗೆ ಹೋಗಬೇಕಾದರೆ ಈಗ ರೆಸಾರ್ಟಿನ ಗೇಟಿನಲ್ಲಿ ನಿಂತು ಪಾಸ್ ತೆಗೆದುಕೊಳ್ಳಬೇಕು, ಭೇಟಿಯ ಕಾರಣ ಹೇಳಬೇಕು ಎನ್ನುತ್ತಿದ್ದರು. ಹಡಗುಕಟ್ಟೆ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡವರು ಈಗ ಹೋಟೆಲುಗಳಲ್ಲಿ ಹಾಸಿಗೆ ಸರಿಮಾಡುತ್ತಾರೆ, ಗೇಟು ಕಾಯುತ್ತಾರೆ ಎನ್ನುತ್ತಿದ್ದರು. ಒಂದು ಬೇಸಿಗೆಯ ಕೊನೆಗೆ ಬಿರುಗಾಳಿ ಬಂದು ಹೋಯಿತು. ನಂತರದ ದಿನಗಳಲ್ಲಿ ಎಷ್ಟು ಸಲ ಮಾಡಿದರೂ ಫೋನ್ ಸಿಗಲಿಲ್ಲ. ಕೊನೆಗೆ ಸಿಕ್ಕಿದಾಗ ಅವರ ದನಿ ಗುರುತೇ ಹತ್ತಲಿಲ್ಲ. ನೀರು ಒಡ್ಡಿನ ಮೇಲಿಂದ ಒಳಗೆ ಬಂದಿತ್ತು, ಆದರೆ ಹೊರಗೆ ಹೋಗಲು ಅದೇ ಒಡ್ಡು ಬಿಟ್ಟಿರಲಿಲ್ಲ. ಸಮಾಧಿಗಳು ಬಟ್ಟಲಿನಲ್ಲಿ ಮುಳುಗಿದ ಹಾಗೆ ಮುಳುಗಿದ್ದವು. "ಮಗನ ಕಲ್ಲಿನ ತುದಿಯೂ ಕಾಣೋಲ್ಲ," ಎಂದರು. ನನ್ನ ಗಂಡ ಇನ್ನೊಂದು ಕೋಣೆಯ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಅವರು ರಿಸೀವರ್ ಇಟ್ಟ ಸಪ್ಪಳ ನನಗೆ ಕೇಳಿಸಿತು. ಒಡ್ಡಿಗೆ ನೀರು ಹೊರಹೋಗುವ ಕಂಡಿ ಇಡಬೇಕು ಎಂಬ ಒಂದು ಮಾತನ್ನು ಅವತ್ತು ಸಭೆಯಲ್ಲಿ ಸೇರಿಸಿದ್ದರೆ ಎಂದು ಇವರು ಇವತ್ತಿಗೂ ಇದ್ದಕ್ಕಿದ್ದಂತೆ ಅನ್ನುವುದುಂಟು.

ಟೀಚರ್ ಹೆಚ್ಚು ದಿನ ಉಳಿಯಲಿಲ್ಲ. ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಸುದ್ದಿ ಹೇಳಲು ಫೋನ್ ಮಾಡಿದ್ದು ಅವರ ತಮ್ಮ. ನಾವು ಮಗಳನ್ನೂ ಕರೆದುಕೊಂಡು ಕಾರಿನಲ್ಲಿ ಹೊರಟೆವು.

ಮಣ್ಣು ಮಾಡುವುದು ಒಳನಾಡಿನ ಒಂದು ಚರ್ಚಿನ ಹಿಂದೆ ಎಂದು ನಿಶ್ಚಯವಾಗಿತ್ತು. ಆದರೆ ಪೆಟ್ಟಿಗೆಯಿದ್ದ ಕಾರು ಅತ್ತ ತಿರುಗದೆ ದ್ವೀಪದ ಕಡೆ ಹೊರಟಿತು. ಅವರ ತಮ್ಮ ಹಾಗೆ ಹೇಳಿದ್ದನಂತೆ. ನಾವೆಲ್ಲ ಹಿಂದೆ ಸಾಲಾಗಿ ಹೋದೆವು. ರೆಸಾರ್ಟಿನ ಗೇಟಿನ ಮುಂದೆ ಕಾರುಗಳು ನಿಂತವು. ನಾನು ಇಳಿದು ಹತ್ತಿರ ಹೋದೆ. ಒಳಗೆ ಹೂಳುವುದಿಲ್ಲ, ಮರದ ಹತ್ತಿರ ಒಂದು ಸುತ್ತು ಹೋಗಿ ಬರುತ್ತೇವೆ, ಮಗನಿಗೆ ತಾಯಿಯನ್ನು ತೋರಿಸಬೇಕು ಎಂದು ತಮ್ಮ ಕೇಳುತ್ತಿದ್ದ. ಗೇಟಿನವನು ಐವತ್ತರ ಆಸುಪಾಸಿನವನು. ಒಳಗೆ ಹೋಗಿ ಫೋನ್ ಮಾಡಿದ, ಮತ್ತೆ ಮಾಡಿದ. ಹೊರಬಂದವನ ಕಣ್ಣು ಕೆಂಪಾಗಿತ್ತು.

"ಅವರು ನನಗೂ ಟೀಚರ್," ಎಂದ. "ಹಡಗುಕಟ್ಟೆ ಹೋದ ಮೇಲೆ ನನಗೆ ಸಿಕ್ಕಿರೋದು ಇದೊಂದೇ ಕೆಲಸ."

ತಮ್ಮ ಅವನ ಮುಖವನ್ನೇ ನೋಡಿದ. ಬೈಯಲಿಲ್ಲ. ನಮ್ಮ ಹಿಂದೆ ಗಾಲ್ಫ್ ಆಡಲು ಬಂದವರ ಕಾರುಗಳು ಸೇರಿಕೊಂಡಿದ್ದವು, ಯಾರೋ ಹಾರ್ನ್ ಒತ್ತಿದರು. ಗೇಟಿನವನು ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ಪೆಟ್ಟಿಗೆಯ ಕಾರು ನಿಧಾನವಾಗಿ ಹಿಂದಕ್ಕೆ ತಿರುಗಿತು.

ಇದೆಲ್ಲ ಆಗಿ ಬಹಳ ವರ್ಷವಾಯಿತು. ನಮಗೆ ಗ್ರೀನ್ ಕಾರ್ಡು ಬಂತು, ಮನೆ ಬಂತು. ನನ್ನ ಗಂಡ ನಿವೃತ್ತರಾಗಿದ್ದಾರೆ. ದೇವಸ್ಥಾನದಿಂದ ಬಂದ ಮೇಲೆ ಹಲವು ದಿನ ನಾನು ಟೀಚರ್ ವಿಷಯವನ್ನೇ ಮಾತಾಡುತ್ತಿದ್ದೆ. ಅದೇ ಅಕ್ಟೋಬರಿನಲ್ಲಿ ಮಗಳು ಗೆಳತಿಯ ಮದುವೆಗೆಂದು ಕೆರೊಲಿನಾಗೆ ಹೋದಳು. ಹೆಸರು ಬದಲಾಗಿದ್ದರಿಂದ ಮದುವೆ ಅದೇ ರೆಸಾರ್ಟಿನಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ, ನಮಗೂ. ವಿಲ್ಲಾದ ಬಾಲ್ಕನಿಯಿಂದ ಒಂದು ಫೋಟೋ ಕಳಿಸಿದಳು. ಹಸಿರು ಹುಲ್ಲು, ಆಚೆ ಜೌಗು, ಇಳಿಬಿಸಿಲು. ದೂರದ ತೊರೆಯ ತಿರುವನ್ನು ನೋಡಿ ನನ್ನ ಗಂಡ ಕನ್ನಡಕ ಹಾಕಿಕೊಂಡರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

ನಾನು ಮಗಳಿಗೆ ಫೋನ್ ಮಾಡಿ ಕೊಳ ಎಲ್ಲಿದೆ, ಅಲ್ಲಿಂದ ತೊರೆಯ ಕಡೆ ಹೇಗೆ ಹೋಗಬೇಕು ಎಂದು ಹೇಳಿದೆ. ಅವಳು ಫೋನ್ ಹಿಡಿದುಕೊಂಡೇ ನಡೆದಳು. ಅವಳ ಉಸಿರು, ಹುಲ್ಲು ತುಳಿಯುವ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ ನಿಂತಳು.

"ಅಮ್ಮಾ, ಮರ ಇಲ್ಲ. ಸ್ಟಂಪ್ ಇದೆ. ಆಮೇಲೆ ಬರೀ ನೀರು. ಸ್ಟೋನ್ಸ್ ಏನೂ ಕಾಣಿಸ್ತಿಲ್ಲ," ಎಂದಳು.

ಸರಿ, ಬಂದುಬಿಡು ಎಂದೆ. ಅವಳು ಬರಲಿಲ್ಲ. ಅಲ್ಲೇ ನಿಂತು ಕೇಳಿದಳು: "ನನ್ನ ಫಸ್ಟ್ ಎತ್ಕೊಂಡಿದ್ರಲ್ಲ, ಆ ಟೀಚರ್... ಅವರ ಹೆಸರು ಏನು?"

ಅಷ್ಟು ವರ್ಷ ನಮ್ಮ ಮನೆಯಲ್ಲಿ ಅವರು ಬರೀ ಟೀಚರ್ ಆಗಿದ್ದರು. ನಾನು ಹೆಸರು ಹೇಳಿದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ. ಅವಳು ಆ ನೀರಿನ ಮುಂದೆ ನಿಂತು ಅದನ್ನು ಮೆಲ್ಲಗೆ, ಪೂರ್ತಿಯಾಗಿ, ಒಮ್ಮೆ ಹೇಳಿದಳು.